‘ಡಿಡಕ್ಟಿವ್ ಡೇಟಾಬೇಸ್’: ಅನುಮಾನವೋ, ನಿಗಮನವೋ?

ಗೆಳೆಯರೇ,

ಡಿಡಕ್ಟಿವ್ ಡೇಟಾಬೇಸ್ ಕಟ್ಟುವ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಡೇಟಾಬೇಸ್’ ಹಾಗೇ ಇರಲಿ, ಎಲ್ಲರಿಗೂ ಗೊತ್ತಿರುವ ಪದ. ತೊಡಕಿರುವುದು ‘ಡಿಡಕ್ಟಿವ್’ಗೆ ಕನ್ನಡ ಪದ ಹುಡುಕುವುದರಲ್ಲಿ.

ವಿಷಯ ಇಷ್ಟೇ. ಇದರಲ್ಲಿ ಸಂಗತಿಗಳ ಜೊತೆ ನಿಯಮಗಳನ್ನೂ ಇಡುತ್ತೇವೆ. ‘ಕುಶನ ತಂದೆ ರಾಮ’, ‘ರಾಮನ ತಂದೆ ದಶರಥ’ ಎಂದು ಎರಡು ಸಂಗತಿ ಬರೆದಿಡಿ. ‘ತಂದೆ ಪೂರ್ವಿಕ, ಪೂರ್ವಿಕನ ತಂದೆಯೂ ಪೂರ್ವಿಕ’ ಎಂಬ ನಿಯಮ ಸೇರಿಸಿ. ಕುಶನ ಪೂರ್ವಿಕರು ಯಾರು ಎಂದು ಕೇಳಿದರೆ ದಶರಥನೂ ಬರುತ್ತಾನೆ. ಆ ನಂಟನ್ನು ನಾವು ಎಲ್ಲೂ ಬರೆದಿರಲಿಲ್ಲ. ಇಂಥ ಸಂಗತಿ, ನಿಯಮಗಳನ್ನು ಬರೆಯುವ ಡೇಟಾಲಾಗ್ ಎಂಬ ಕಂಪ್ಯೂಟರ್ ಭಾಷೆಯ ಕೆಲಸವೇ ಇದು.

ತರ್ಕಶಾಸ್ತ್ರದ ‘ಅನುಮಾನ’ ಅರ್ಥಕ್ಕೆ ಹತ್ತಿರ. ಆದರೆ ‘ಅನುಮಾನದ ಡೇಟಾಬೇಸ್’ ಅಂದರೆ ಪೊಲೀಸರ ಪಟ್ಟಿಯ ಹಾಗೆ ಕೇಳಿಸುತ್ತದೆ, ಅಲ್ವಾ? ‘ಊಹೆ’ ಬೇಡವೇ ಬೇಡ. ಸಂಗತಿ, ನಿಯಮ ಸರಿಯಿದ್ದರೆ ಇಲ್ಲಿ ಉತ್ತರ ಖಚಿತ. ‘ಅನುಗಮನ’ಕ್ಕೆ (ಇಂಡಕ್ಷನ್) ಜೋಡಿಯಾಗಿ ‘ನಿಗಮನ’ (ಡಿಡಕ್ಷನ್) ಪುಸ್ತಕಗಳಲ್ಲಿದೆ, ಆದರೆ ಓದುಗರಿಗೆ ಮೊದಲು ನೆನಪಾಗುವುದು ಸರ್ಕಾರಿ ನಿಗಮ.

ವ್ಯಾಕರಣದಲ್ಲಿ ಮೂಲ ಧಾತು, ಸಾಧಿತ ಧಾತು ಅನ್ನುತ್ತೇವಲ್ಲ, ಅದೇ ದಾರಿಯಲ್ಲಿ ‘ಮೂಲ ಸಂಗತಿ’, ‘ಸಾಧಿತ ಸಂಗತಿ’ ಅಂದರೆ ಚೆನ್ನಾಗಿ ಹೊಂದುತ್ತದೆ. ಬರೆದಿಟ್ಟದ್ದು ಮೂಲ, ನಿಯಮದಿಂದ ಹೊರಟದ್ದು ಸಾಧಿತ. ಆದರೆ ‘ಸಾಧಿತ ಡೇಟಾಬೇಸ್’ ಅನ್ನುವ ಹಾಗಿಲ್ಲ, ಡೇಟಾಬೇಸೇ ಸಾಧಿತ ಎಂದಾಗುತ್ತದೆ. ಸದ್ಯಕ್ಕೆ ‘ತರ್ಕಿಸುವ ಡೇಟಾಬೇಸ್’ ಅಂತ ಬರೆದಿದ್ದೇನೆ.

ಇನ್ನೊಂದು ಪೇಚು ‘ಇವ್ಯಾಲ್ಯುಯೇಶನ್’. ಇಲ್ಲಿ ಅದಕ್ಕೆ ಎರಡು ಅರ್ಥ. ಒಂದು, ಪ್ರಶ್ನೆಗೆ ಉತ್ತರ ಕಂಡುಹಿಡಿಯುವುದು: ಹೊಸದೇನೂ ಹುಟ್ಟದ ತನಕ ನಿಯಮಗಳನ್ನು ಮತ್ತೆ ಮತ್ತೆ ಅನ್ವಯಿಸುವುದು. ಪ್ರತಿ ಸುತ್ತಿನಲ್ಲೂ ಎಲ್ಲ ಸಂಗತಿಗಳನ್ನು ಮೊದಲಿನಿಂದ ಅರೆದರೆ ‘ನೈವ್’, ಅಂದರೆ ಪೆದ್ದು ವಿಧಾನ. ಹಿಂದಿನ ಸುತ್ತಿನಲ್ಲಿ ಹೊಸದಾಗಿ ಸಿಕ್ಕಿದ್ದನ್ನು ಹಿಡಿದು ಮುಂದೆ ಹೋದರೆ ‘ಸೆಮಿ-ನೈವ್’. (‘ಅರೆಪೆದ್ದು ವಿಧಾನ’ ಅನ್ನೋಣ ಅಂದರೆ ಇಬ್ಬರಲ್ಲಿ ಜಾಣ ಅದೇ!) ಎರಡನೆಯ ಅರ್ಥ, ಕಟ್ಟಿದ ವ್ಯವಸ್ಥೆಯನ್ನು ಒರೆಗೆ ಹಚ್ಚುವುದು: ಎಷ್ಟು ಹೊತ್ತು ಹಿಡಿಯಿತು, ಎಷ್ಟು ಮೆಮೊರಿ ನುಂಗಿತು, ಒಂದೇ ಸಂಗತಿಯನ್ನು ಎಷ್ಟು ಸಲ ಸುಮ್ನೆ ಹುಟ್ಟಿಸಿತು.

ಎರಡಕ್ಕೂ ‘ಮೌಲ್ಯಮಾಪನ’ ಅಂತ ಬರೆದರೆ ಒಂದೇ ಪ್ಯಾರಾದಲ್ಲಿ ಗೊಂದಲ ಗ್ಯಾರಂಟಿ. ಅದನ್ನು ಎರಡನೆಯದಕ್ಕೆ ಉಳಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ‘ಬಿಡಿಸುವುದು’ ಹೊಂದುತ್ತದೆಯೇ? ಲೆಕ್ಕ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ. ‘ಪ್ರಶ್ನೆ ಬಿಡಿಸುವ ವಿಧಾನ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?