ಕೊಂಚೆರ್ಟೊ: ಕನ್ನಡದಲ್ಲಿ ಏನನ್ನೋಣ? (ಫಲಕಕ್ಕೆ, ಬೇಗ ಬೇಕು)

ಮೈಸೂರಿನಿಂದ:

ಕನ್ನಡ ಪದಗಳ ಬಳಗದ ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಹಳೆಯ ಗ್ರಾಮಫೋನ್ ಪ್ಲೇಟುಗಳ ಪ್ರದರ್ಶನ ಇಡುತ್ತಿದ್ದೇವೆ. ನಾಳೆ ಸಂಜೆಯೊಳಗೆ ಫಲಕದ ಬರಹ ಕೊಡಬೇಕು.

ಒಂದು ಮೂಲೆ ಪೂರ್ತಿ ರಷ್ಯಾದ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಅವರದು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವರು. ಕೊನೆಗಾಲದಲ್ಲಿ ಅವರ ಸಂಗೀತ ಕೇಳುವವರೇ ಕಡಿಮೆಯಾಗಿದ್ದರು. ಆಗ ನಮ್ಮ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟು, ಅವರ ಕೈಯಲ್ಲೇ ನುಡಿಸಿ, ಎಚ್‌ಎಂವಿಯಿಂದ ಪ್ಲೇಟು ಹೊರತರಿಸಿದರು. ಮೂರೂ ಪಿಯಾನೊ ಕೊಂಚೆರ್ಟೊಗಳು (ಒಬ್ಬ ವಾದಕ, ದೊಡ್ಡ ವಾದ್ಯತಂಡ ಸೇರಿ ನುಡಿಸುವ ರಚನೆಗಳು) ಅದರಲ್ಲಿವೆ, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಮೂರನೆಯದನ್ನು ಮೆಟ್ನರ್ ಒಡೆಯರ್ ಅವರಿಗೇ ಅರ್ಪಿಸಿದ್ದಾರೆ.

ತಲೆಬರಹ ಹೀಗೆ ಬರೆದಿದ್ದೇನೆ: "ಅಲಕ್ಷಿತ ರೊಮ್ಯಾಂಟಿಕ್ ಯುಗದ ಆರ್ಕೆಸ್ಟ್ರಾ ಕೊಂಚೆರ್ಟೊಗಳ ಧ್ವನಿಮುದ್ರಣಗಳು". ನನಗೇ ಹಿಡಿಸುತ್ತಿಲ್ಲ. ಕೊಂಚೆರ್ಟೊಗೆ ಕನ್ನಡ ಪದ ಇದೆಯಾ?

ಶಿರಸಿಯಿಂದ:

ಇದೆ. ಲ್ಯಾಟಿನ್ನಿನಲ್ಲಿ ಕೊನ್‌ಚೆರ್ಟಾರೆ ಎಂದರೆ ಸೆಣಸು. ಅಲ್ಲಿಂದಲೇ ಈ ಪದ. ಸೆಣಸುತ್ತಾ ಆಡುವುದಕ್ಕೆ ನಮ್ಮಲ್ಲಿ "ಜೋಡಾಟ" ಇದೆ. ಯಕ್ಷಗಾನದ ಎರಡು ಮೇಳಗಳು ಅಕ್ಕಪಕ್ಕ ರಂಗಸ್ಥಳ ಕಟ್ಟಿ, ಒಂದೇ ಪ್ರಸಂಗವನ್ನು ಪೈಪೋಟಿಯಲ್ಲಿ ಆಡುತ್ತವೆ. "ಪಿಯಾನೊ ಜೋಡಾಟ" ಎಂದು ಬರೆಯಿರಿ. ಆರ್ಕೆಸ್ಟ್ರಾಗೆ "ಹಿಮ್ಮೇಳ". ಮುಗಿಯಿತು.

ಧಾರವಾಡದಿಂದ:

ಅಲಕ್ಷಿತ ಬೇಡ, ಯುಗ ಬೇಡ, ಧ್ವನಿಮುದ್ರಣ ಬೇಡ. ಮೂರೂ ಸಂಸ್ಕೃತ. "ಕಡೆಗಣಿಸಿದ", "ಹೊತ್ತು", "ದನಿಯಚ್ಚು" ಸಾಕು. ಅಚ್ಚು ಕನ್ನಡದ್ದು, ದನಿ ಎಲ್ಲರ ಬಾಯಲ್ಲೂ ಇದೆ. ಕೊಂಚೆರ್ಟೊ ಎಂದು ಫಲಕ ಹಾಕಿದರೆ ಓದಿದವನಿಗೆ ಏನು ಸಿಕ್ಕಂತಾಯಿತು?

ಬೆಂಗಳೂರಿನಿಂದ:

ಈ ಪ್ಲೇಟುಗಳನ್ನು ಬಹಳ ಕಾಲದಿಂದ ಕೇಳುತ್ತಾ ಬಂದವನು ನಾನು. ಒಂದೊಂದೇ ಹೇಳುತ್ತೇನೆ.

ಜೋಡಾಟ ಆಗುವುದಿಲ್ಲ. ಅಲ್ಲಿ ಎರಡೂ ಕಡೆ ಪೂರ್ತಿ ಮೇಳ. ಇಲ್ಲಿ ಒಂದು ಕಡೆ ಒಬ್ಬ ವಾದಕ, ಇನ್ನೊಂದು ಕಡೆ ಅರವತ್ತು ಎಪ್ಪತ್ತು ಜನ. ಇನ್ನು ಲ್ಯಾಟಿನ್ನಿನಲ್ಲಿ ಸೆಣಸು ಎಂದಿದ್ದ ಮಾತ್ರಕ್ಕೆ ಇಟಲಿಯಲ್ಲೂ ಸೆಣಸೇ ಅಲ್ಲ. ಇಟಾಲಿಯನ್ನಿನಲ್ಲಿ ಅದೇ ಪದಕ್ಕೆ ಹೊಂದಿಸು, ಒಪ್ಪಂದಕ್ಕೆ ಬಾ ಎಂಬ ಅರ್ಥ. ಎರಡೂ ಈ ಸಂಗೀತದಲ್ಲಿವೆ. ಒಂದನ್ನೇ ಹಿಡಿದು ಪದ ಕಟ್ಟಬಾರದು.

ಹಿಮ್ಮೇಳವೂ ಒಗ್ಗುವುದಿಲ್ಲ. ಶೋಪಾನ್‌ನ ಕೊಂಚೆರ್ಟೊಗಳಿಗೆ ಬೇಕಾದರೆ ಹೇಳಿ, ಅಲ್ಲಿ ಪಿಯಾನೊದ್ದೇ ರಾಜ್ಯಭಾರ. ಬ್ರಾಮ್ಸ್‌ನ ಎರಡನೆಯ ಪಿಯಾನೊ ಕೊಂಚೆರ್ಟೊ ಕೇಳಿ. ಶುರುವಾಗುವುದೇ ಹಾರ್ನ್ ಎಂಬ ಊದುವ ವಾದ್ಯದಿಂದ. ಮೂರನೆಯ ಭಾಗದಲ್ಲಿ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಹಾಡುತ್ತಾ ಹೋಗುತ್ತದೆ, ಪಿಯಾನೊ ತನ್ನ ಸರದಿಗೆ ಸುಮ್ನೆ ಕಾಯುತ್ತದೆ. ಅದನ್ನು ಹಿಮ್ಮೇಳ ಅನ್ನೋಕಾಗುತ್ತಾ?

ಆದರೆ ಆರ್ಕೆಸ್ಟ್ರಾ ಎಂದೂ ಬರೆಯಬೇಡಿ. ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ. ಆಕಾಶವಾಣಿಯವರು ಬಳಕೆಗೆ ತಂದ "ವಾದ್ಯವೃಂದ" ಇದೆಯಲ್ಲ, ಅದೇ ಇರಲಿ.

"ರೊಮ್ಯಾಂಟಿಕ್" ಎಂದರೆ ಜನ ಪ್ರೇಮಗೀತೆ ಎಂದುಕೊಳ್ಳುತ್ತಾರೆ. ಇಲ್ಲಿ ಅದು ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಸಂಗೀತದ ಹೆಸರು. ವಿಮರ್ಶೆಯಲ್ಲಿ ಬಳಸುವ "ರಮ್ಯ" ಸರಿ. ಆದರೆ ರಮ್ಯ ಯುಗ ಅಲ್ಲ. ಮೆಟ್ನರ್ ಮೂರನೆಯ ಕೊಂಚೆರ್ಟೊ ಬರೆದದ್ದು 1940ರಿಂದ 43ರ ನಡುವೆ, ಯುದ್ಧದ ಇಂಗ್ಲೆಂಡಿನಲ್ಲಿ. ಆ ಯುಗ ಎಂದೋ ಮುಗಿದಿತ್ತು. ಅವರು ಮಾತ್ರ ಆ ದಾರಿ ಬಿಡಲಿಲ್ಲ, ಮೂಲೆಗೆ ಸರಿದದ್ದೂ ಅದಕ್ಕೇ. "ರಮ್ಯ ಧಾಟಿ" ಎನ್ನಿ.

ಅಲಕ್ಷಿತ ಪದದ ವಿಚಾರ ಮುಖ್ಯ. ಎಲ್ಲ ಕಡೆಗಣನೆಯೂ ಒಂದೇ ಅಲ್ಲ. ಶಾರ್ವೆಂಕಾ ಎಂಬವರ ಮೊದಲನೆಯ ಪಿಯಾನೊ ಕೊಂಚೆರ್ಟೊ ಒಂದು ಕಾಲಕ್ಕೆ ತುಂಬಾ ನಡೆಯುತ್ತಿತ್ತು. ಆಮೇಲೆ ಸದ್ದೇ ಇಲ್ಲ. 1969ರಲ್ಲಿ ಪಿಯಾನೊ ವಾದಕ ಅರ್ಲ್ ವೈಲ್ಡ್ ಬಾಸ್ಟನ್ ಸಿಂಫನಿ ವಾದ್ಯವೃಂದದ ಜೊತೆ ನುಡಿಸಿದ ರೆಕಾರ್ಡು ಅದನ್ನು ಮತ್ತೆ ಕಿವಿಗೆ ತಂದಿತು. ಅದು "ಮರೆತುಹೋದ" ಸಂಗೀತ. ಮೆಟ್ನರ್ ಹಾಗಲ್ಲ. ಹೆಸರಾಂತ ರಚನಕಾರ ರಖ್ಮಾನಿನೋವ್ ತಮ್ಮ ನಾಲ್ಕನೆಯ ಕೊಂಚೆರ್ಟೊವನ್ನು ಅವರಿಗೆ ಅರ್ಪಿಸಿದ್ದರು. ಬಲ್ಲವರು ಬಲ್ಲರು, ಸಂಗೀತ ಸಭೆಗಳು ಮಾತ್ರ ಕರೆಯಲಿಲ್ಲ. ಅದಕ್ಕೆ "ಮೂಲೆಗುಂಪಾದ" ಎಂಬ ಪದವೇ ಸರಿ. ಅದನ್ನು ಕೊಂಚೆರ್ಟೊ ಪಕ್ಕದಲ್ಲೇ ಇಡಿ. ನಿಮ್ಮ ವಾಕ್ಯದಲ್ಲಿ ಯುಗವೇ ಅಲಕ್ಷಿತವಾಗಿದೆ.

ಧ್ವನಿಮುದ್ರಣ ಎಂದರೆ ಕೆಲಸ, ಧ್ವನಿಮುದ್ರಿಕೆ ಎಂದರೆ ವಸ್ತು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಮುದ್ರಿಕೆ.

ಕೊಂಚೆರ್ಟೊವನ್ನು ಹಾಗೇ ಬಿಡಿ, ಕೆಳಗೆ ಒಂದು ಸಾಲು ವಿವರಣೆ ಕೊಡಿ. "ಕಾನ್ಸರ್ಟೊ" ಎಂದು ಮಾತ್ರ ಬರೆಯಬೇಡಿ, ಜನ ಕಚೇರಿ ಎಂದುಕೊಳ್ಳುತ್ತಾರೆ.

ಧಾರವಾಡದಿಂದ:

ಎಲ್ಲವನ್ನೂ "ಹಾಗೇ ಬಿಡಿ" ಎನ್ನುವುದಾದರೆ ಈ ಬಳಗ ಯಾಕೆ ಬೇಕು?

ಬೆಂಗಳೂರಿನಿಂದ:

ಕಚೇರಿ ಹಿಂದೂಸ್ತಾನಿ ಭಾಷೆಯಿಂದ ಬಂತು. ಪಿಟೀಲು ಇಂಗ್ಲಿಷಿನ ಫಿಡ್ಲ್. "ಪಿಟೀಲು ಕಚೇರಿ"ಯಲ್ಲಿ ಒಂದೂ ಕನ್ನಡದ್ದಲ್ಲ. ಯಾರಾದರೂ ತಡೆದರಾ?

ಧಾರವಾಡದಿಂದ:

ಪಿಟೀಲು ಕನ್ನಡದ ನಾಲಿಗೆಗೆ ಬಗ್ಗಿ ಬಂತು. ಫಕಾರ ಬಿಟ್ಟಿತು, ಕೊನೆಗೆ ಉಕಾರ ಹಚ್ಚಿಕೊಂಡಿತು. ಹಾಗೆ ಬಗ್ಗಿದ್ದನ್ನು ನಾನು ಎಂದೂ ತಳ್ಳಿಲ್ಲ. ಬಗ್ಗದೆ ನೇರ ನುಗ್ಗುವುದಕ್ಕೆ ನನ್ನ ತಕರಾರು. ಜನ ಬಳಸಿ ಸವೆಸಿದ ಪದ ಬೇರೆ, ಫಲಕ ಬರೆಯುವವರು ಹೇರಿದ ಪದ ಬೇರೆ.

ಬೆಂಗಳೂರಿನಿಂದ:

ರೇಡಿಯೊ, ಫೋಟೊ ಬಗ್ಗಿವೆಯಾ? "ದನಿಯಚ್ಚು" ಕೂಡ ಹೇರಿದ್ದೇ ಅಲ್ವಾ? ಜನ ಅಂದದ್ದು ಪ್ಲೇಟು.

ಶಿರಸಿಯಿಂದ:

ನಡುವೆ ಹಿಮ್ಮೇಳವನ್ನು ಕೀಳು ಮಾಡಿದಿರಿ, ಅದಕ್ಕೆ ಉತ್ತರ ಬೇಡವೇ? ಯಕ್ಷಗಾನದಲ್ಲಿ ಭಾಗವತರು ಹಿಮ್ಮೇಳದವರು. ಇಡೀ ಆಟ ನಡೆಸುವವರೂ ಅವರೇ. ಅವರು ಪದ ಎತ್ತದೆ ವೇಷ ಕುಣಿಯುವುದಿಲ್ಲ. ನೀವು ಹೇಳಿದ ಬ್ರಾಮ್ಸ್‌ಗೆ ಇದಕ್ಕಿಂತ ಒಗ್ಗುವ ಪದ ಯಾವುದು? ಹಿಮ್ಮೇಳ ಎಂದರೆ ಹಿಂದಿನವರು, ಚಿಕ್ಕವರು ಎಂದು ಕೇಳಿಸುವುದು ಸಿನಿಮಾ ಹಾಡಿನವರಿಂದ ಕಲಿತ ಅರ್ಥ.

ಬೆಂಗಳೂರಿನಿಂದ:

ಈ ಮಾತು ಒಪ್ಪುತ್ತೇನೆ. ಆದರೆ ಮೈಸೂರಿನಲ್ಲಿ ಫಲಕ ಓದುವವರಿಗೆ ಬರುವುದು ಆ ಸಿನಿಮಾ ಅರ್ಥವೇ.

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸಲಾ?

"ರಮ್ಯ ಧಾಟಿಯ, ಮೂಲೆಗುಂಪಾದ ಕೊಂಚೆರ್ಟೊಗಳು: ಮೈಸೂರು ಅರಸರ ನೆರವಿನಿಂದ ಬಂದ ಧ್ವನಿಮುದ್ರಿಕೆಗಳು. ಪಿಯಾನೊ: ನಿಕೊಲಾಯ್ ಮೆಟ್ನರ್. ವಾದ್ಯವೃಂದ: ಫಿಲ್‌ಹಾರ್ಮೋನಿಯಾ, ಲಂಡನ್, 1947. ನಿರ್ದೇಶನ: ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸೈ ಡೊಬ್ರೊವೆನ್. ಕೊಂಚೆರ್ಟೊ: ಒಬ್ಬ ವಾದಕ ಮತ್ತು ದೊಡ್ಡ ವಾದ್ಯವೃಂದ ಎದುರುಬದುರಾಗಿಯೂ ಜೊತೆಜೊತೆಯಾಗಿಯೂ ನುಡಿಸುವ ಕೃತಿ."

ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ನಾಲ್ಕು ನಿಮಿಷ ಮಾತ್ರ ಹಿಡಿಯುತ್ತಿತ್ತು, ಹಾಗಾಗಿ ಒಂದು ಕೊಂಚೆರ್ಟೊಗೆ ಹಲವು ಪ್ಲೇಟು ಎಂಬುದನ್ನೂ ಸೇರಿಸಿದ್ದೇನೆ. "ಪ್ಲೇಟು" ಹಾಗೇ ಇದೆ.

ಧಾರವಾಡದಿಂದ:

"ಎದುರುಬದುರಾಗಿಯೂ ಜೊತೆಜೊತೆಯಾಗಿಯೂ" ಚೆನ್ನಾಗಿದೆ. ಈ ಸಾಲು ಇದ್ದ ಮೇಲೆ ಕೊಂಚೆರ್ಟೊ ಇರಲಿ. "ನಿರ್ದೇಶನ" ಮಾತ್ರ ಸಿನಿಮಾದ್ದಾಯಿತು. "ನಡೆಸಿದವರು" ಎನ್ನಿ.

ಬೆಂಗಳೂರಿನಿಂದ:

"ನಡೆಸಿದವರು" ಒಳ್ಳೆಯದು. ಜೊತೆಗೆ "ಕೃತಿ" ತೆಗೆಯಿರಿ, ದಯವಿಟ್ಟು. ಒಡೆಯರ್ ಸ್ವತಃ 94 ಕರ್ನಾಟಕ ಕೃತಿ ಕಟ್ಟಿದವರು. ಅವರ ಹೆಸರಿನ ಫಲಕದಲ್ಲಿ ಕೃತಿ ಎಂದರೆ ಮೈಸೂರಿನವರಿಗೆ ಪಲ್ಲವಿ, ಅನುಪಲ್ಲವಿ, ಚರಣವೇ ನೆನಪಾಗುತ್ತದೆ. "ರಚನೆ" ಹಾಕಿ.

ಮೈಸೂರಿನಿಂದ:

ಎರಡನ್ನೂ ತಿದ್ದಿ ಈಗ ತಾನೇ ಕಳಿಸಿದೆ. ಹಿಮ್ಮೇಳದ ಚರ್ಚೆಯನ್ನು ಬೇರೆ ಹೆಸರಿನಲ್ಲಿ ಮುಂದುವರಿಸಿ, ನಾನೂ ಓದುತ್ತೇನೆ.