ರಾಗಿ–ಭತ್ತದ ಜೀನ್ ಕ್ರಮ ಹೋಲಿಕೆ: ಬ್ಲಾಕ್‌ಗಳು ಯಾಕೆ ಇಷ್ಟು ಚಿಕ್ಕವು?

ಮಂಡ್ಯ_ರಾಗಿ:
ರಾಗಿ (ಎಂಎಲ್-365 ತಳಿ) ಮತ್ತು ಭತ್ತದ (ನಿಪ್ಪೊನ್‌ಬಾರೆ ತಳಿ) ಜೀನ್ ಕ್ರಮವನ್ನು ಎಂಸಿಸ್ಕ್ಯಾನ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ಹೋಲಿಸುತ್ತಿದ್ದೇನೆ. ಬ್ಲಾಸ್ಟ್ ಹಿಟ್‌ಗಳು (ಒಂದನ್ನೊಂದು ಹೋಲುವ ಜೀನ್ ಜೋಡಿಗಳು) ಬೇಕಾದಷ್ಟಿವೆ, ಆದರೆ ಕೊಲಿನಿಯರ್ ಬ್ಲಾಕ್‌ಗಳು (ಎರಡೂ ಕಡೆ ಜೀನ್‌ಗಳು ಒಂದೇ ಕ್ರಮದಲ್ಲಿರುವ ಭಾಗಗಳು) ಬೆರಳೆಣಿಕೆಯಷ್ಟು, ಅವೂ ಚೋಟುದ್ದ. ರಾಗಿಯ ಬಹುಪಾಲು ಜೀನ್‌ಗಳು 'ಡಿಸ್ಪರ್ಸ್ಡ್' (ಅಲ್ಲಲ್ಲಿ ಚದುರಿದ ನಕಲು) ಅಂತ ಬರ್ತಿವೆ. ಗ್ಯಾಪ್ ಮಿತಿಯನ್ನು (ಜೋಡಿಗಳ ನಡುವೆ ಬಿಡಬಹುದಾದ ಜೀನ್‌ಗಳ ಸಂಖ್ಯೆ) 25ರಿಂದ 50ಕ್ಕೆ ಏರಿಸಲೇ?

ಗಂಗೋತ್ರಿ_ಜೀನೋಮ್:
ಗ್ಯಾಪ್ ಮುಟ್ಟಬೇಡಿ, ಸುಳ್ಳು ಬ್ಲಾಕ್‌ಗಳು ಸೇರಿಕೊಳ್ಳುತ್ತವೆ ಅಷ್ಟೇ. ಒಂದು ಬ್ಲಾಕ್‌ಗೆ ಕನಿಷ್ಠ 5 ಜೀನ್ ಜೋಡಿ ಸಾಲಾಗಿ ಸಿಗಬೇಕು. 2017ರ ಎಂಎಲ್-365 ಜೀನೋಮ್ ಜೋಡಣೆ ಸಣ್ಣ ಸ್ಕ್ಯಾಫೋಲ್ಡ್‌ಗಳ (ಡಿಎನ್‌ಎ ತುಂಡುಗಳ) ರಾಶಿ. ಎಷ್ಟೋ ತುಂಡುಗಳಲ್ಲಿ 5 ಜೀನ್‌ಗಳೇ ಇಲ್ಲ. ಒಂದು ಸ್ಕ್ಯಾಫೋಲ್ಡ್‌ನಿಂದ ಇನ್ನೊಂದಕ್ಕೆ ಸರಪಳಿ ದಾಟುವುದಿಲ್ಲ. ಕ್ರೋಮೋಸೋಮ್ ಮಟ್ಟದಲ್ಲಿ ಜೋಡಿಸಿದ ಕೆಎನ್‌ಇ 796 ರಾಗಿಯ ಜೀನೋಮ್ ಬಳಸಿ.

ಫೈಲ್‌ಗಳನ್ನೂ ನೋಡಿ. ಎಂಸಿಸ್ಕ್ಯಾನ್‌ಎಕ್ಸ್‌ಗೆ ಬೇಕಾದ ಜಿಎಫ್‌ಎಫ್ (ಜೀನ್‌ಗಳು ಎಲ್ಲಿವೆ ಎಂದು ಹೇಳುವ ಫೈಲ್) ಮಾಮೂಲಿನದಲ್ಲ: ಕ್ರೋಮೋಸೋಮ್, ಜೀನ್ ಹೆಸರು, ಆರಂಭ, ಅಂತ್ಯ, ನಾಲ್ಕೇ ಕಾಲಂ. ಪ್ರತಿ ಜೀನ್‌ಗೆ ಅತಿ ಉದ್ದದ ಒಂದೇ ಪ್ರೋಟೀನ್ ಇಡಿ. ಭತ್ತದ ಪ್ರೋಟೀನ್ ಹೆಸರಿನ ಕೊನೆಯ '.1' ಜಿಎಫ್‌ಎಫ್‌ನಲ್ಲಿ ಇಲ್ಲದಿದ್ದರೆ ಆ ಹಿಟ್‌ಗಳೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಬ್ಲಾಸ್ಟ್‌ಪಿ (ಪ್ರೋಟೀನ್‌ಗಳ ಹೋಲಿಕೆ) ಎರಡೂ ದಿಕ್ಕಿಗೆ ಓಡಿಸಿ, ರಾಗಿ–ರಾಗಿ, ಭತ್ತ–ಭತ್ತ ಹೋಲಿಕೆಯನ್ನೂ ಸೇರಿಸಿ. ಒಂದು ಜೀನ್‌ಗೆ 5 ಹಿಟ್, ಇ-ವ್ಯಾಲ್ಯೂ (ಹೋಲಿಕೆ ಆಕಸ್ಮಿಕವಾಗಿರುವ ಸಾಧ್ಯತೆಯ ಮಿತಿ) 10⁻¹⁰, ಔಟ್‌ಪುಟ್ ಟೇಬಲ್ ರೂಪದಲ್ಲಿ. ಡೂಪ್ಲಿಕೇಶನ್ ವರ್ಗೀಕರಣಕ್ಕೆ (ಜೀನ್ ನಕಲು ಹೇಗಾಯಿತು ಎಂದು ವಿಂಗಡಿಸಲು) ಮಾತ್ರ ರಾಗಿ–ರಾಗಿ ಒಂದೇ ಸಾಕು, ಭತ್ತ ಬೆರೆಸಬೇಡಿ.

ಏಕದಳ:
ಮೇಲಿನದು ಸರಿ. ಆದರೆ ಒಳ್ಳೆಯ ಜೋಡಣೆ ಹಾಕಿದ ಮೇಲೆ ತದ್ವಿರುದ್ಧ ಸಮಸ್ಯೆ ಬರುತ್ತೆ. ರಾಗಿ ಎಎಬಿಬಿ, ಅಂದರೆ ಎ ಮತ್ತು ಬಿ ಎಂಬ ಎರಡು ಉಪಜೀನೋಮ್‌ಗಳಿವೆ; ಒಟ್ಟು ಕ್ರೋಮೋಸೋಮ್ (2ಎನ್) = 36. ಎ ಮತ್ತು ಬಿ ಒಟ್ಟಿಗೆ ಇದ್ದರೆ ಹೆಚ್ಚಿನ ಜೀನ್‌ಗಳು 'ಡಬ್ಲ್ಯೂಜಿಡಿ' (ಇಡೀ ಜೀನೋಮ್ ನಕಲಿನಿಂದ ಬಂದವು) ಆಗಿಬಿಡುತ್ತವೆ, ಹುಲ್ಲುಗಳಿಗೆಲ್ಲ ಸಾಮಾನ್ಯವಾದ, 'ರೋ' ಎಂದು ಕರೆಯುವ ಹಳೆಯ ಜೀನೋಮ್ ಡೂಪ್ಲಿಕೇಶನ್ ಅದರಲ್ಲೇ ಮುಚ್ಚಿಹೋಗುತ್ತೆ. 9 ಎ, 9 ಬಿ ಕ್ರೋಮೋಸೋಮ್‌ಗಳನ್ನು ಬೇರೆ ಬೇರೆ ಓಡಿಸಿ. ಎ, ಬಿ ಎರಡೂ ಸೇರಿ ಭತ್ತದ ಒಂದು ಭಾಗಕ್ಕೆ ರಾಗಿಯ ಎರಡು, ಅಂದರೆ 1:2 ಬರಬೇಕು. ಅದಕ್ಕಿಂತ ಹೆಚ್ಚಿದ್ದರೆ ರೋ ಜೋಡಿಗಳು ನುಸುಳಿವೆ, ಬ್ಲಾಕ್‌ಗಳ ಕೆಎಸ್ (ಜೋಡಿ ಎಷ್ಟು ಹಳೆಯದೆಂದು ತೋರಿಸುವ ಡಿಎನ್‌ಎ ವ್ಯತ್ಯಾಸದ ಅಳತೆ) ಮಧ್ಯಕ ನೋಡಿ ತೆಗೆಯಿರಿ.

ಡಾಟ್ ಪ್ಲಾಟ್‌ನಲ್ಲಿ (ಎರಡು ಜೀನೋಮ್‌ಗಳ ಜೋಡಿಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಭತ್ತದ ಒಂದು ಕ್ರೋಮೋಸೋಮ್‌ನ ನಡುವೆ ಇನ್ನೊಂದು ಇಡಿಯಾಗಿ ತೂರಿಕೊಂಡಂತೆ ಕಂಡರೆ ಜೋಡಣೆಯ ತಪ್ಪೆಂದು ಕತ್ತರಿಸಬೇಡಿ. ಭತ್ತದ 12 ಕ್ರೋಮೋಸೋಮ್‌ಗಳು ರಾಗಿಯಲ್ಲಿ 9 ಆಗಿದ್ದೇ ಹಾಗೆ: ಮೂರು ಕಡೆ ಸೆಂಟ್ರೋಮಿಯರ್ (ಕ್ರೋಮೋಸೋಮ್‌ನ ಕಿರಿದಾದ ಭಾಗ) ಹತ್ತಿರ ಒಂದರೊಳಗೆ ಇನ್ನೊಂದು ಸೇರಿಕೊಂಡಿವೆ.

ಭತ್ತದ 11 ಮತ್ತು 12ನೇ ಕ್ರೋಮೋಸೋಮ್‌ಗಳ ಗಿಡ್ಡ ತೋಳಿನ ತುದಿಗಳಲ್ಲಿ ಕೆಎಸ್ ತೀರಾ ಕಡಿಮೆ. ಅದು ಹೊಸ ಡೂಪ್ಲಿಕೇಶನ್ ಅಲ್ಲ, ಹಳೆಯ ಜೋಡಿಯೇ. ಜೀನ್ ಕನ್ವರ್ಶನ್‌ನಿಂದ (ಒಂದು ಪ್ರತಿಯ ಡಿಎನ್‌ಎ ಇನ್ನೊಂದರ ಮೇಲೆ ನಕಲಾಗುವುದು) ಒಂದರಂತೆ ಇನ್ನೊಂದು ಆಗಿದೆ.

ಮಂಡ್ಯ_ರಾಗಿ:
ಎ, ಬಿ ಬೇರೆ ಮಾಡಿದರೆ ಟ್ಯಾಂಡಮ್ (ಪಕ್ಕಪಕ್ಕದಲ್ಲೇ ಇರುವ ನಕಲು ಜೀನ್) ಎಣಿಕೆಯೂ ಬದಲಾಗುತ್ತಾ ಸರ್?

ಏಕದಳ:
ಆಗುತ್ತೆ, ಏರುತ್ತೆ. ಒಂದು ಜೀನ್ ಟ್ಯಾಂಡಮ್ ಕೂಡ, ಬ್ಲಾಕ್‌ನಲ್ಲಿ ಕೂಡ ಇದ್ದರೆ ವರ್ಗೀಕರಣ ಅದನ್ನು ಡಬ್ಲ್ಯೂಜಿಡಿಗೇ ಹಾಕುತ್ತೆ; ಎ–ಬಿ ಬ್ಲಾಕ್‌ಗಳು ಹೋದರೆ ಅದು ಟ್ಯಾಂಡಮ್‌ಗೆ ಬರುತ್ತೆ. ಟ್ಯಾಂಡಮ್ ಬೇಕಿದ್ದರೆ ಪ್ರತ್ಯೇಕ '.ಟ್ಯಾಂಡಮ್' ಫೈಲ್‌ನಿಂದ ಎಣಿಸಿ.