‘ಆನರಬಲ್’ ಬಿಡುಗಡೆ ಸಿಕ್ಕಮೇಲೂ ದಾಖಲೆ ತಿದ್ದಿಸುವುದೇಕೆ?

ಪ್ರಶ್ನೆ: ಸಲಿಂಗಿಗಳು ಅದನ್ನು ಮುಚ್ಚಿಟ್ಟರಷ್ಟೇ ಸೇನೆಯಲ್ಲಿರಬಹುದು ಎನ್ನುತ್ತಿದ್ದ ‘ಕೇಳಬೇಡ, ಹೇಳಬೇಡ’ ನೀತಿಯಡಿ ಹೊರಬಿದ್ದ ಅಮೆರಿಕದ ಸಲಿಂಗಿ ಮಾಜಿ ಸೈನಿಕರು ಈಗ ಬಹಿರಂಗವಾಗಿ ಮಾತಾಡುತ್ತಿದ್ದಾರೆ. ‘ಆನರಬಲ್’ (ಗೌರವಯುತ) ಬಿಡುಗಡೆ ಸಿಕ್ಕವರೂ ದಾಖಲೆ ತಿದ್ದಿಸಬೇಕು ಅಂತಾರಲ್ಲ, ಯಾಕೆ?

ಉತ್ತರ 1: ಸೇನೆ ಬಿಡುವಾಗ ಕೊಡುವ ಬಿಡುಗಡೆ ಪತ್ರ ಡಿಡಿ-214ರ 24ನೇ ಕಲಂನಲ್ಲಿ ‘ಆನರಬಲ್’ ಅಂತ ನೋಡಿ ಸುಮ್ಮನಾದರೆ ಆಗಲಿಲ್ಲ, ಬಿಡುಗಡೆಯ ಕಾರಣ ಬರೆದಿರುವ 28ನೇದು ಓದಿ. ‘ಹೋಮೋಸೆಕ್ಷುಯಲ್ ಅಡ್ಮಿಷನ್’ (ಸಲಿಂಗಿ ಎಂದು ಒಪ್ಪಿಕೊಂಡದ್ದು) ಅಂತ ಅಲ್ಲೇ ಟೈಪಾಗಿರುತ್ತೆ. ಕೆಲಸ ಕೊಡುವವರು ಆ ಹಾಳೆ ಕೇಳಿದರೆ ಗುಟ್ಟು ರಟ್ಟು. 27ರಲ್ಲಿ ಮರುಸೇರ್ಪಡೆಯ ಕೋಡ್ ಆರ್‌ಇ-4 ಅಂತ ಇದ್ದರೆ ಮತ್ತೆ ಸೇರುವ ಬಾಗಿಲೂ ಬಂದ್.

ಉತ್ತರ 2: ಡಿಡಿ-214ರ ಚಿಕ್ಕ ಪ್ರತಿಯಲ್ಲಿ 28 ಇರೋದೇ ಇಲ್ಲ ಸಾರ್, ‘ಮೆಂಬರ್-4’ ಎಂಬ ಪೂರ್ತಿ ಪ್ರತಿ ತರಿಸಬೇಕು. ತಿದ್ದಿಸಲು ಅರ್ಜಿ ನಮೂನೆ ಎರಡು: ಬಿಡುಗಡೆಯಾಗಿ 15 ವರ್ಷದೊಳಗಾದರೆ ಡಿಡಿ-293, ದಾಟಿದ್ದರೆ ಡಿಡಿ-149. ನೀತಿ ರದ್ದಾಗಿದ್ದು 2011ರ ಸೆಪ್ಟೆಂಬರ್ 20ಕ್ಕೆ; ಹಾಗಾಗಿ ಈಗ ಬಹುತೇಕರಿಗೆ ಎರಡನೆಯದೇ.

ಉತ್ತರ 3: ಅರ್ಜಿ ನೋಡುವ ಸೇನಾ ಮಂಡಳಿ ಒಪ್ಪಿದರೆ ಬಿಡುಗಡೆಯ ಕಾರಣ ‘ಸೆಕ್ರೆಟೇರಿಯಲ್ ಅಥಾರಿಟಿ’ (ಕಾರ್ಯದರ್ಶಿಯ ಅಧಿಕಾರದಡಿ) ಅಂತಲೂ, ಆ ಕಾರಣದ ಕೋಡ್ ಜೆಎಫ್‌ಎಫ್ ಅಂತಲೂ ಆಗುತ್ತೆ. ಕಡತದಲ್ಲಿ ಬೇರೆ ದುರ್ನಡತೆಯೂ ಸೇರಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳೋದು.